ದೇವಣಗಾಂವ ಖಡ್ಗಮೀಮಾಂಸೆ: ಪೂರ್ವಪಕ್ಷ ಮತ್ತು ಸಿದ್ಧಾಂತ

ಖಡ್ಗಶಾಸ್ತ್ರದ ಶಾಖೆಗಳಲ್ಲಿ ‘ಟ್ಯಾಕ್ಟಿಕಲ್ ಫಿಕ್ಸೆಡ್ ಬ್ಲೇಡ್’ ಪಂಥ ಎಲ್ಲಕ್ಕಿಂತ ಎಳೆಯದು, ಎಲ್ಲಕ್ಕಿಂತ ವಾಚಾಳಿ. ಮಡಚಲು ಬಾರದ, ಹಿಡಿಯಲ್ಲಿ ಕಚ್ಚಿ ಕೂತ ಅಲಗು ಇದರ ಉಪಾಸ್ಯ ದೈವ. ಅನುಯಾಯಿಗಳು ಅದನ್ನು ಕೊಳ್ಳುತ್ತಾರೆ, ತೂಗುತ್ತಾರೆ, ಎಣ್ಣೆ ಹಚ್ಚುತ್ತಾರೆ, ಬೆಳಕಿಗೆ ಹಿಡಿದು ಫೋಟೊ ತೆಗೆಯುತ್ತಾರೆ. ಕೊಯ್ಯುವುದೊಂದನ್ನು ಮಾತ್ರ ಆಪತ್ಕಾಲಕ್ಕೆಂದು ಕಾಯ್ದಿಡುತ್ತಾರೆ. ಪಂಥದ ಆದ್ಯ ವಿಗ್ರಹ ಅಮೆರಿಕದ ಮರೀನ್ ಪಡೆ 1942ರಲ್ಲಿ ಸ್ವೀಕರಿಸಿದ ಕಾ-ಬಾರ್. 7 ಅಂಗುಲದ ಅಲಗು, ಚರ್ಮದ ಬಿಲ್ಲೆಗಳನ್ನು ಒತ್ತಿ ಕೂಡಿಸಿದ ಹಿಡಿ. ಮಹಾಯುದ್ಧದಲ್ಲಿ ಸೈನಿಕರು ಅದರಿಂದ ಡಬ್ಬಿ ತೆರೆದರು, ಗುಂಡಿ ತೋಡಿದರು, ಬೇರು ಕಡಿದರು. ಈ ಭಾಗವನ್ನು ಪಂಥದವರು ಪಾರಾಯಣದಲ್ಲಿ ಸ್ವಲ್ಪ ತಗ್ಗಿದ ದನಿಯಲ್ಲಿ ಓದುತ್ತಾರೆ.

ಪ್ರಸ್ತುತ ಅಧ್ಯಯನದ ಕ್ಷೇತ್ರ ಭೀಮಾ ದಂಡೆಯ ದೇವಣಗಾಂವ. ಹಳೆಯ ಲೆಕ್ಕದಲ್ಲಿ ಸಿಂದಗಿ ತಾಲ್ಲೂಕು, ಹೊಸ ಲೆಕ್ಕದಲ್ಲಿ ಆಲಮೇಲ. ಸೇತುವೆ ದಾಟಿದರೆ ಅಫಜಲಪುರ ಸೀಮೆ. ಈ ಕ್ಷೇತ್ರವನ್ನೇ ಆರಿಸಿದ್ದಕ್ಕೆ ಶಾಸ್ತ್ರೀಯ ಕಾರಣ: ಸಂಶೋಧಕನ ಮನೆ ಅಲ್ಲಿದೆ.

ಪೂರ್ವಪಕ್ಷಿ ನನ್ನ ಅಕ್ಕನ ಮಗ, ಪುಣೆಯಲ್ಲಿ ಕಂಪ್ಯೂಟರ್ ಕೆಲಸ. ದಸರೆಗೆ ಬಂದವನು ಕರಿ ಪ್ಲಾಸ್ಟಿಕ್ ಒರೆಯಿಂದ ಕರಿ ಕತ್ತಿ ಹಿರಿದು ಖಂಡೇ ಪೂಜೆಯ ಸಾಲಿಗೆ ಸೇರಿಸಿದ. ಸಾಲಿನಲ್ಲಿ ಆಗಲೇ ಕುಡಗೋಲು, ಕುರ್ಚಗಿ, ಕೊಡಲಿ, ಕುಂಟೆಯ ಕುಡ, ಆಯಿಯ ಈಳಗಿ, ನನ್ನ ಮೋಟಾರ್‌ಸೈಕಲ್ಲು ಕೂತಿದ್ದವು. ಆಯಿ ಕುಂಕುಮ ಹಚ್ಚುತ್ತ ಬಂದು ಹೊಸಬನ ಮುಂದೆ ನಿಂತಳು.

“ಇದು ಯಾತಕ್ಕ ಬರ್ತೈತಿ ತಮ್ಮಾ?”

“ಸರ್ವೈವಲ್‌ಗೆ, ಆಯಿ. ಅಡವ್ಯಾಗ ಒಬ್ಬನ ಸಿಕ್ಕೊಂಡ್ರ ಜೀವಾ ಉಳಿಸ್ಕೊಳ್ಳಾಕ.”

“ಅಡವಿ ಎಲ್ಲೈತೋ ಇಲ್ಲೆ?”

ಪೂರ್ವಪಕ್ಷಕ್ಕೆ ಬಿದ್ದ ಮೊದಲ ಪೆಟ್ಟು ಇದು. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಇಲ್ಲಿ ದಾರಿ ತಪ್ಪಬೇಕೆಂದರೂ ಮೂರು ಮೈಲಿ ಆಚೆಯಿಂದ ಯಾರಾದರೂ ನೋಡಿ ಕೂಗುತ್ತಾರೆ. ಕುಂಕುಮವನ್ನಂತೂ ಆಯಿ ಹಚ್ಚಿದಳು; ಯಾವ ಪಂಥವನ್ನೂ ಬಿಡುವವಳಲ್ಲ.

ಇನ್ನು ಲೋಹಾಧಿಕರಣ. ಪೂರ್ವಪಕ್ಷಿಯ ವಾದ: ಕತ್ತಿಯ ಸತ್ವ ಉಕ್ಕಿನ ನಂಬರಿನಲ್ಲಿದೆ. 1095 ಎಂದರೆ ಶೇ 0.95ರಷ್ಟು ಇಂಗಾಲ, ರಾಕ್‌ವೆಲ್ ಮಾಪನದಲ್ಲಿ ಗಡಸುತನ 56ರಿಂದ 58 ಬಂದರೆ ಸಜ್ಜನರು ಒಪ್ಪುತ್ತಾರೆ. “ಮಾಮಾ, ನಮ್ಮ ಕುಡಗೋಲ್ದು ಯಾವ ಸ್ಟೀಲು?” ಎಂದು ನನ್ನನ್ನೇ ಕೆಣಕಿದ. ನಾನು ಅವನನ್ನು ಕುಲುಮೆಗೆ ಕರೆದೊಯ್ದೆ. ಅಲ್ಲಿ ಉಕ್ಕಿಗೆ ನಂಬರಿಲ್ಲ, ವಂಶಾವಳಿಯಿದೆ: ಲಾರಿಯ ಹಳೆಯ ಕಮಾನು ಪಟ್ಟಿ. ಇಂಗಾಲ ಸುಮಾರು ಶೇ 0.6. ಹತ್ತಾರು ಟನ್ ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗುವುದನ್ನು ಹೆದ್ದಾರಿಯಲ್ಲಿ ಕಲಿತು, ನಿವೃತ್ತಿಯ ನಂತರ ಕೃಷಿಗೆ ಇಳಿದ ಉಕ್ಕು ಅದು. ಪರದೇಶದ ಕತ್ತಿಗಾರರೂ ಇದೇ ಜಾತಿಯ ಪಟ್ಟಿಯನ್ನು ಹುಡುಕಿ ಬಡಿಯುತ್ತಾರೆಂಬುದು ಅಳಿಯನಿಗೂ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ.

ಕಮ್ಮಾರ ಕೆಂಪಗೆ ಕಾದ ಅಲಗನ್ನು ಇಕ್ಕಳದಲ್ಲಿ ಹಿಡಿದು ಅಂಚನ್ನಷ್ಟೇ ನೀರಿಗೆ ಮುಟ್ಟಿಸಿ ಎತ್ತಿದ. ಕಲ್ಲಿನ ಚೂರಿನಿಂದ ಕರಿ ಉಜ್ಜಿ ಲೋಹ ಬೆಳ್ಳಗೆ ಮಾಡಿ, ಉಸಿರು ಬಿಗಿಹಿಡಿದು ನೋಡುತ್ತ ನಿಂತ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಅಂಚಿನ ಕಡೆ ಹರಿಯಿತು. ಬೆಳ್ಳಗಿದ್ದದ್ದು ಒಣ ಕಣಕಿಯ ಹಳದಿಗೆ ತಿರುಗಿತು. ಅದರ ಹಿಂದೆಯೇ ಕಂದು, ಅದರ ಹಿಂದೆ ನೀಲಿ ಹೊರಟಿತ್ತು. ಹಳದಿ ಅಂಚು ಮುಟ್ಟುವುದಕ್ಕೂ ಅಲಗು ಮತ್ತೆ ನೀರು ಕಾಣುವುದಕ್ಕೂ ಸರಿಹೋಯಿತು. ಹಳದಿ ಎಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್. ನೀಲಿಗೆ ಬಿಟ್ಟರೆ 300ರ ಹತ್ತಿರ ಹೋಗಿ ಅಂಚು ಮೆದುವಾಗುತ್ತದೆ. ಆಮೇಲೆ ಅರ ಎಳೆದು ನೋಡಿದ. ಅರ ಜಾರಿತು. ರಾಕ್‌ವೆಲ್ ಯಂತ್ರ ಹೇಳುವ ಸಂಗತಿಯ ಹೆಚ್ಚಿನ ಭಾಗವನ್ನು ಈ ಜಾರುವ ಸದ್ದು ಹೇಳುತ್ತದೆ, ರಸೀದಿಯೊಂದನ್ನು ಬಿಟ್ಟು.

ಅಲಗಿನ ಬಾಲ ಹಿಡಿಯ ಉದ್ದಕ್ಕೂ ಪೂರ್ತಿ ಅಗಲದಲ್ಲಿ ಹಾದಿರಬೇಕು ಎಂಬುದು ಪಂಥದ ಅತಿ ಕಟ್ಟಾ ಸಿದ್ಧಾಂತ. ಕುಡಗೋಲಿನ ಬಾಲವೋ ಮೊಳೆಯಷ್ಟು ಸಪೂರ. ಕೆಂಪಗೆ ಕಾಸಿ ಜಾಲಿ ಹಿಡಿಯೊಳಕ್ಕೆ ಹೊಡೆದದ್ದು. ಅಳಿಯ ಮುಖ ಕಿವುಚಿದ. ಆದರೆ ಕಾ-ಬಾರ್‌ನ ಬಾಲವೂ ಸಪೂರವೇ, ಆ ಬಾಲ ಮಹಾಯುದ್ಧ ಮುಗಿಸಿ ಬಂದಿದೆ. ಬೇಸಿಗೆಯಲ್ಲಿ ನಮ್ಮ ಹಿಡಿ ಸಡಿಲಾಗುತ್ತದೆಂಬ ಆಕ್ಷೇಪ ನಿಜ. ರಾತ್ರಿ ಹಿಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಈ ಪರಿಹಾರಕ್ಕೆ ಪೇಟೆಂಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಪೂರ್ವಪಕ್ಷ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಒರೆಯ ವಿಷಯದಲ್ಲಿ ಮಾತ್ರ ನಾವು ಸೋತೆವೆಂದು ಒಪ್ಪಬೇಕು. ಕೊಡವರು ಬೆನ್ನ ಹಿಂದಿನ ಹಿತ್ತಾಳೆಯ ತೊಡಂಗ್‌ನಲ್ಲಿ ಒಡಿಕತ್ತಿ ಸಿಗಿಸಿ ನಡೆಯುವ ಠೀವಿಯೇ ಬೇರೆ. ಸೆಪ್ಟೆಂಬರ್ 3ರ ಕೈಲ್‌ಪೊದು ನೋಡಿದವರಿಗೆ ಅದು ಗೊತ್ತು. ನಮ್ಮ ಕುಡಗೋಲಿನ ಒರೆ ಹೆಗಲು. ಮನೆಯಲ್ಲಿದ್ದರೆ ಜಂತಿ.

ತುಕ್ಕಿನ ಬಗ್ಗೆ ಪುರಾಣಪ್ರಮಾಣ ಉಂಟು. ಪಾಂಡವರು ಬನ್ನಿ ಮರದ ಮೇಲೆ ಒಂದು ವರ್ಷ ಆಯುಧ ಇಟ್ಟು, ಇಳಿಸಿ, ಅದೇ ದಿನ ಯುದ್ಧ ಗೆದ್ದರು. ತುಕ್ಕಿನ ದೂರು ದಾಖಲಾಗಿಲ್ಲ. ಅದು ಒಣಗಾಳಿಯ ಪರೀಕ್ಷೆ. ಜಲಪರೀಕ್ಷೆಯನ್ನು 2020ರ ಅಕ್ಟೋಬರಿನಲ್ಲಿ ಭೀಮೆಯೇ ನಡೆಸಿಕೊಟ್ಟಳು. ಮಹಾಪೂರ ಇಳಿದ ಮೇಲೆ ದಂಡೆಯ ಊರುಗಳಲ್ಲಿ ಜನ ರಾಡಿ ಬಳಿಯುತ್ತಿದ್ದಾಗ ತುಕ್ಕು ಹಿಡಿದ ಕುಡಗೋಲನ್ನು ಕಲ್ಲಿಗೆ ತಿಕ್ಕಿ ಕೆಲಸಕ್ಕೆ ಹಚ್ಚುವುದು ಎಲ್ಲಕ್ಕಿಂತ ಹಗುರ ಕೆಲಸವಾಗಿತ್ತು.

ಈಗ ಪ್ರಯೋಗಾಧಿಕರಣ. ಅಳಿಯ ಸುಗ್ಗಿಗೆ ರಜೆ ಹಾಕಿ, ಕತ್ತಿ ಮಸೆದುಕೊಂಡು ಮತ್ತೆ ಬಂದ. ಹಿಂಗಾರಿ ಬಿಳಿಜೋಳ ಎರೆಹೊಲದಲ್ಲಿ ಒಣಗಿ ನಿಂತಿತ್ತು. ಹೊಲದ ತುಂಬ ಹೆಣ್ಣುಮಕ್ಕಳು ಬಗ್ಗಿ, ದಂಟನ್ನು ಬುಡಕ್ಕೆ ಹಿಡಿದು, ಬೇರುಸಹಿತ ಕೀಳುತ್ತ, ಮಣ್ಣು ಜಾಡಿಸಿ ಸಾಲಾಗಿ ಮಲಗಿಸುತ್ತ ಹೊರಟಿದ್ದರು. ಯಾರ ಕೈಯಲ್ಲೂ ಕತ್ತಿ ಇಲ್ಲ. ನಮ್ಮ ಸೀಮೆಯಲ್ಲಿ ಜ್ವಾಳ ಕೊಯ್ಯುವುದಿಲ್ಲ, ಕೀಳುತ್ತಾರೆ. ಪ್ರಧಾನ ಬೆಳೆಯೇ ಖಡ್ಗನಿರಪೇಕ್ಷ ಎಂದಾಗ ಖಡ್ಗಶಾಸ್ತ್ರದ ಗತಿ ಏನು? ಅಳಿಯ ಅಂಗೈ ನೋಡಿಕೊಂಡ. ಅರ್ಧ ಸಾಲು ಕಿತ್ತಿದ್ದ, ಬೊಬ್ಬೆ ಎದ್ದಿತ್ತು. ಹಿಡಿಯ ಮೇಲೆ ಸುತ್ತಿದ್ದ ಪ್ಯಾರಾಕಾರ್ಡ್ ಹಗ್ಗ ಮೊದಲ ಬಾರಿ ಉಪಯೋಗಕ್ಕೆ ಬಂತು: ಬಿಚ್ಚಿ ಸಿವುಡು ಕಟ್ಟಿದೆವು.

ಅಂದು ಮಧ್ಯಾಹ್ನ ಆಯಿ ಬದನೆಕಾಯಿ ಎಣಗಾಯಿಗೆ ಕೂತಳು. ಈಳಗಿಯ ಮಣೆ ಮೇಲೆ ಬಲಗಾಲು ಒತ್ತಿ, ಎರಡೂ ಕೈಯಲ್ಲಿ ಎಳೆ ಬದನೆಕಾಯಿ ಹಿಡಿದು ಅಲಗಿನತ್ತ ನೂಕಿದಳು. ತಿರುಗಿಸಿ ಮತ್ತೊಮ್ಮೆ ನೂಕಿದಳು. ನಾಲ್ಕು ಸೀಳು, ತುಂಬು ಮಾತ್ರ ಅಖಂಡ. ಅಳಿಯ ತನ್ನ ಕತ್ತಿಯಿಂದ ಅದನ್ನೇ ಮಾಡಹೋದ. ಬೆನ್ನು 5 ಮಿಲಿಮೀಟರ್ ದಪ್ಪ. ಅಂಚು ಹೊಕ್ಕಿತು, ಬೆನ್ನು ಹೊಕ್ಕ ಕೂಡಲೇ ಬದನೆಕಾಯಿ ಬೆಣೆ ಹೊಡೆದ ಕಟ್ಟಿಗೆಯಂತೆ ಎರಡು ಹೋಳಾಗಿ ಒಂದು ಒಲೆಯ ಕಡೆ, ಒಂದು ಬೆಕ್ಕಿನ ಕಡೆ ಹೋಯಿತು. ಮರ ಸೀಳಲೆಂದು ದಪ್ಪ ಬೆನ್ನು ಇಟ್ಟವರು ಬದನೆಕಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. “ಪಲ್ಯಾಕ್ಕ ಆಗ್ತೈತಿ ಬಿಡು,” ಎಂದು ಆಯಿ ಹೋಳನ್ನು ಬೇರೆ ಬುಟ್ಟಿಗೆ ಹಾಕಿದಳು. ಇದು ಈ ಮನೆಯಲ್ಲಿ ಅತಿ ಕಠೋರ ವಿಮರ್ಶೆ.

ಮಾಲೀಕತ್ವಾಧಿಕರಣ ಸ್ವಲ್ಪ ತೊಡಕಿನದು. ಜೀವಮಾನದ ವಾರಂಟಿ ಇದೆ ಎಂದು ಅಳಿಯ ಬೀಗಿದ. ನಮ್ಮ ಹಳೆಯ ಪದ್ಧತಿಯಲ್ಲಿ ವಾರಂಟಿಗೆ ಆಯ ಎನ್ನುತ್ತಿದ್ದರು: ವರ್ಷವಿಡೀ ಕುಡಗೋಲು, ಕುಡ ಹಣಿದು ಕೊಟ್ಟ ಕಮ್ಮಾರ ರಾಶಿಯ ಹೊತ್ತಿಗೆ ಕಣಕ್ಕೆ ಬಂದು ಪಾಲಿನ ಜೋಳ ಒಯ್ಯುತ್ತಿದ್ದ. ಮಳೆ ಹೋದ ವರ್ಷ ಅವನ ಪಾಲೂ ಹೋಗುತ್ತಿತ್ತು. ಇಂಥ ಕರಾರಿಗೆ ಯಾವ ಕಂಪನಿ ಸಹಿ ಹಾಕೀತು?

ಕಬ್ಬಿನ ಹೊಲದಲ್ಲಿ ಪ್ರಶ್ನೆಯೇ ತಿರುವುಮುರುವು. ಗಡಿಯಾಚೆ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಹೊರಡುವ ತಂಡಗಳಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ, ಎಂದರೆ ಒಂದು ಕತ್ತಿ. ಮುಂಗಡ ಕೊಯ್ತಾ ಲೆಕ್ಕದಲ್ಲಿ, ಒಂದು ದಿನ ಕೆಲಸ ತಪ್ಪಿದರೆ ದಂಡವೂ ಕೊಯ್ತಾ ಲೆಕ್ಕದಲ್ಲಿ. ಪಂಥದವರು ಕತ್ತಿಯ ಮಾಲೀಕನ ಅನುಭವದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ತಂಡ ಕಟ್ಟಿ ಮುಂಗಡ ಹಂಚುವ ಮುಕಾದಮನ ವಹಿಯಲ್ಲಿ ಕತ್ತಿ ಮಾತ್ರ ಇದೆ. ಹಿಡಿದವರ ಹೆಸರು ಅದರ ಕೆಳಗೆ ಎಲ್ಲೋ ಇರುತ್ತದೆ. ಬುಡಕ್ಕೆ ಹತ್ತಿದಂತೆ ಸಕ್ಕರೆ ಜಾಸ್ತಿಯಾದ್ದರಿಂದ ನೆಲಕ್ಕೆ ಸಮನಾಗಿ ಕಡಿಯಬೇಕು, ಅಂದರೆ ದಿನವಿಡೀ ಬಗ್ಗಿರಬೇಕು. ಹಿಡಿಯ ವಿನ್ಯಾಸದ ಬಗ್ಗೆ ಇಷ್ಟು ಬರೆದ ಶಾಸ್ತ್ರ ಈ ಬೆನ್ನಿನ ಬಗ್ಗೆ ಮೌನ.

ಕಾನೂನು ಏನನ್ನುತ್ತದೆ? 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಆಯುಧ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಾದರೆ ಅಲ್ಲ. ಆದ್ದರಿಂದ ಕೊಯ್ತಾ ಎಷ್ಟೇ ಬೆಳೆದರೂ ರೈತ. ಅಳಿಯನ ಕತ್ತಿ 7 ಅಂಗುಲಕ್ಕೆ ನಿಂತು ಆಯುಧವೂ ಆಗಲಿಲ್ಲ, ಕೃಷಿಕನೂ ಆಗಲಿಲ್ಲ. ಆ ದುಃಖ ಅವನಿಗೆ ಇದೆ.

ಮರುಮಾರಾಟದ ಬೆಲೆಯ ಬಗ್ಗೆ ಕೇಳಿದ. ನಮ್ಮ ಜಿಲ್ಲೆಯ ಪೂರ್ವನಿದರ್ಶನ ತೋರಿಸಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ವಿಜಯಪುರದ ಬುರುಜಿನ ಮೇಲೆ ಕೂತಿರುವ, 50 ಟನ್ನಿಗೂ ಮಿಕ್ಕಿದ ಮಲಿಕ್-ಎ-ಮೈದಾನ್ ತೋಪನ್ನು ಬ್ರಿಟಿಷರು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ತೀರಾ ಕಡಿಮೆ ಆಯಿತೆಂದು ಮಾಮಲೇದಾರರು ಮೇಲಕ್ಕೆ ಬರೆದು ಹರಾಜು ನಿಲ್ಲಿಸಿದರು. ಅಳಿಯ ಆಮೇಲೆ ಬೆಲೆಯ ಮಾತು ಎತ್ತಲಿಲ್ಲ. ಹೋಗುವಾಗ ಕತ್ತಿ ಇಲ್ಲೇ ಬಿಟ್ಟು ಹೋದ.

ದೀರ್ಘಾವಧಿ ಪರೀಕ್ಷೆ ಈಗ ಆಯಿಯ ಉಸ್ತುವಾರಿಯಲ್ಲಿದೆ. ಹಿತ್ತಲಲ್ಲಿ ಹೋತ ಕಟ್ಟುವ ಗೂಟ ಮುರಿದಿತ್ತು. ಆಕೆ ಕತ್ತಿಯನ್ನು ಕಲ್ಲಿನಿಂದ ಹಿಡಿಯವರೆಗೆ ನೆಲಕ್ಕೆ ಬಡಿದು ಹಗ್ಗ ಬಿಗಿದಳು. ಅಲಗು ಬಾಗಲಿಲ್ಲ, ಹಿಡಿ ಸೀಳಲಿಲ್ಲ. ಕಂಪನಿಯವರು ಹೇಳಿದ್ದೆಲ್ಲ ನಿಜ. ಮೊನ್ನೆ ಹೋತ ಅದನ್ನು ಕಿತ್ತುಕೊಂಡು, ಎಳೆದುಕೊಂಡೇ ಬಾಜೂ ಹೊಲದ ಕಡಲೆಗೆ ನುಗ್ಗಿದ್ದರಿಂದ ಸ್ಥಿರತೆಯ ಅಂಕದಲ್ಲಿ ಸ್ವಲ್ಪ ಕಡಿತ ಮಾಡಬೇಕಾಗಿದೆ. ಎಷ್ಟು ಎಂಬುದನ್ನು ಬಾಜೂ ಹೊಲದ ಕಾಕಾ ನಾಳೆ ಬಂದು ಹೇಳುವವರಿದ್ದಾರೆ.