ಪಿಶಾಚಪ್ರಿಯನ ನಾಲ್ಕು ಮುಕ್ತಿಗಳು

ಭಯಂಕರವಾದುದನ್ನು ಪ್ರೀತಿಸುವವನು ತಾನೂ ಭಯಂಕರನಾಗಿರಬೇಕೆಂಬ ನಿಯಮವೇನಾದರೂ ಸೃಷ್ಟಿಯಲ್ಲಿ ಇದ್ದಿದ್ದರೆ, ಅಮೆರಿಕದ ಪೆನ್ಸಿಲ್ವೇನಿಯಾ, ಓಹೈಯೋ ಮೊದಲಾದ ಪ್ರಾಂತಗಳ ನಿಶ್ಶಬ್ದವಾದ ಬೀದಿಗಳಲ್ಲಿ, ವಾರಕ್ಕೊಮ್ಮೆ ತಪ್ಪದೆ ಅಂಗಳದ ಹುಲ್ಲು ಕತ್ತರಿಸಿಕೊಂಡು, ಗಡುವಿಗೆ ಮುನ್ನವೇ ತೆರಿಗೆ ಕಟ್ಟಿಕೊಂಡು, ನೆರೆಮನೆಯ ನಾಯಿಗೂ ದಾರಿ ಬಿಟ್ಟು ನಡೆಯುವ ಆ ನಿವೃತ್ತ ಗುಮಾಸ್ತ ಮಹಾಶಯನ ನೆಲಮಾಳಿಗೆಯಲ್ಲಿ ಡ್ರಾಕುಲಾ ಪ್ರಭುವೂ, ಡಾಕ್ಟರ್ ಫ್ರಾಂಕನ್‌ಸ್ಟೈನನು ಹೆಣಗಳಿಂದ ಹೊಂದಿಸಿದ ಜೀವಿಯೂ, ತೋಳಮಾನವನೂ, ಈಜಿಪ್ಟಿನ ಮಮ್ಮಿಯೂ ಪರಸ್ಪರ ಮತ್ಸರವಿಲ್ಲದೆ ಒಂದೇ ಸೂರಿನಡಿ ವಾಸಮಾಡಿಕೊಂಡಿರುವುದು ಎಂದಿಗೂ ಸಾಧ್ಯವಾಗುತ್ತಿರಲಿಲ್ಲ. ಆ ದೇಶದಲ್ಲಿ ‘ಮಾನ್‌ಸ್ಟರ್ ಕಿಡ್’ ಎಂದು ಕರೆಯಿಸಿಕೊಳ್ಳುವ ಈ ಪಂಗಡದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಮೊಣಕಾಲು ನೋವು, ರಕ್ತದೊತ್ತಡ, ಮೊಮ್ಮಕ್ಕಳು ಎಲ್ಲವೂ ಯಥೋಚಿತವಾಗಿ ಪ್ರಾಪ್ತವಾಗಿವೆ. ಆದರೂ ಪಿಶಾಚಗಳ ಮೇಲಿನ ಪ್ರೇಮ ಮಾತ್ರ ಒಂಬತ್ತು ವರ್ಷದ ಬಾಲಕನಲ್ಲಿ ಇದ್ದಷ್ಟೇ ಇದೆ. ನಮ್ಮ ಶಾಸ್ತ್ರಕಾರರು ಭಕ್ತನಿಗೆ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯಗಳೆಂದು ನಾಲ್ಕು ಬಗೆಯ ಮುಕ್ತಿಯನ್ನು ಹೇಳಿದ್ದಾರಷ್ಟೆ. ಅವರು ಪೆನ್ಸಿಲ್ವೇನಿಯಾವನ್ನು ಕಂಡವರಲ್ಲವಾದರೂ, ಈ ಮಹಾಶಯನ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ಆ ಕ್ರಮಕ್ಕಿಂತ ಮೇಲಾದ ಕ್ರಮ ಇನ್ನೊಂದು ದೊರೆಯಲಾರದು.

ಸಾಲೋಕ್ಯವೆಂದರೆ ಆರಾಧ್ಯನ ಲೋಕದಲ್ಲಿಯೇ ವಾಸ. ಅದು ಈತನಿಗೆ ದೂರದರ್ಶನದ ಪೆಟ್ಟಿಗೆಯ ಮೂಲಕ ಲಭಿಸಿತು. ಯೂನಿವರ್ಸಲ್ ಚಿತ್ರಸಂಸ್ಥೆ 1931ರಲ್ಲಿ ಬೇಲಾ ಲುಗೋಸಿಯ ಡ್ರಾಕುಲಾವನ್ನೂ ಅದೇ ವರ್ಷದ ಕೊನೆಯಲ್ಲಿ ಬೋರಿಸ್ ಕಾರ್ಲಾಫನ ಫ್ರಾಂಕನ್‌ಸ್ಟೈನ್ ಚಿತ್ರವನ್ನೂ ಲೋಕಕ್ಕೆ ಕೊಟ್ಟಿತ್ತು. ಆ ಪರಂಪರೆಯ ಹಳೆಯ ಚಿತ್ರಗಳು ಉಗ್ರಾಣದಲ್ಲಿ ಧೂಳು ತಿನ್ನುತ್ತಿರಲು, 1957ರಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಸಂಸ್ಥೆ ಐವತ್ತೆರಡು ಚಿತ್ರಗಳನ್ನು ಒಂದೇ ಗಂಟುಕಟ್ಟಿ ಊರೂರಿನ ದೂರದರ್ಶನ ಕೇಂದ್ರಗಳಿಗೆ ಮಾರಿತು. ವಾರದ ಕೊನೆಯ ರಾತ್ರಿಗಳಲ್ಲಿ ಹಿರಿಯರು ಮಲಗಿದ ಮೇಲೆ ಕಂಬಳಿ ಹೊದ್ದು ಪೆಟ್ಟಿಗೆಯೆದುರು ಕುಳಿತ ಬಾಲಕನು ಹೆದರಿದನೆಂದು ಯಾರಾದರೂ ಊಹಿಸಿದರೆ ಅವರಿಗೆ ಬಾಲ್ಯವು ಮರೆತುಹೋಗಿದೆ ಎಂದೇ ಹೇಳಬೇಕು. ಪ್ರಸಾಧನಕಾರ ಜ್ಯಾಕ್ ಪಿಯರ್ಸನು, ಶವವೈದ್ಯನೊಬ್ಬನು ಮಿದುಳನ್ನು ಒಳಗಿಡಬೇಕಾದರೆ ತಲೆಬುರುಡೆಯನ್ನು ಡಬ್ಬಿಯ ಮುಚ್ಚಳದಂತೆಯೇ ಕೊಯ್ಯಬೇಕಷ್ಟೆ ಎಂದು ತರ್ಕಿಸಿ ಸಮತಟ್ಟು ಮಾಡಿದ್ದ ಆ ತಲೆ, ವಿದ್ಯುತ್ತಿಗಾಗಿ ಕೊರಳಿನ ಇಕ್ಕೆಲಗಳಲ್ಲಿ ಸಿಕ್ಕಿಸಿದ್ದ ಕೀಲು, ತೋಳು ಸಾಲದ ಅಂಗಿ—ಇವನ್ನೆಲ್ಲ ಕಂಡ ಹುಡುಗನು ಅಲ್ಲಿ ರಾಕ್ಷಸನನ್ನು ಕಾಣಲೇ ಇಲ್ಲ. ಹುಟ್ಟಿಸಿದ ತಂದೆಯೇ ಮುಖ ತಿರುಗಿಸಿದ, ಮಾತು ಬಾರದ, ಮೈಯಳತೆಗೆ ಮೀರಿ ಬೆಳೆದ, ಹೂವಿನಂತೆ ತೇಲುವಳೆಂದು ನಂಬಿ ಮಗುವನ್ನು ಕೊಳಕ್ಕೆಸೆದು ಕಂಗೆಟ್ಟ ಒಬ್ಬ ದುರ್ದೈವಿಯನ್ನು ಕಂಡನು. ಗಣಿತದಲ್ಲಿ ಹಿಂದುಳಿದವನೂ ಚೆಂಡಾಟದಲ್ಲಿ ಯಾವ ಪಂಗಡಕ್ಕೂ ಬೇಡದವನೂ ಆಗಿದ್ದ ಆ ಬಾಲಕನಿಗೆ ಪಂಜು ಹಿಡಿದು ಅಟ್ಟಿಬರುವ ಊರವರ ಪರಿಚಯವು ಶಾಲೆಯಲ್ಲಿಯೇ ಸಾಕಷ್ಟು ಆಗಿದ್ದುದರಿಂದ, ತಾನು ಯಾರ ಪಕ್ಷವೆಂಬುದನ್ನು ನಿಶ್ಚಯಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಲೋಕವು ದೊರೆತವನಿಗೆ ಸಾಮೀಪ್ಯದ ಹಂಬಲ ಹುಟ್ಟುವುದು ಸಹಜವೇ ಸರಿ. 1958ರಲ್ಲಿ ಜೇಮ್ಸ್ ವಾರೆನ್ ಎಂಬಾತನು ಪ್ರಕಾಶಕನಾಗಿಯೂ ಫಾರೆಸ್ಟ್ ಆಕರ್‌ಮನ್ ಎಂಬ ರಸಿಕಶಿಖಾಮಣಿಯು ಸಂಪಾದಕನಾಗಿಯೂ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಎರಡೇ ವರ್ಷಗಳಲ್ಲಿ ಅದರ ಮುಖಪುಟಕ್ಕೆ ಬೇಸಿಲ್ ಗೋಗೋಸ್ ಎಂಬ ಚಿತ್ರಕಾರನು ಬಂದು, ಕಪ್ಪುಬಿಳುಪಿನಲ್ಲಿ ಮಾತ್ರ ಲೋಕವು ಕಂಡಿದ್ದ ಆ ಮುಖಗಳ ಮೇಲೆ ಕೆಂಪು, ಹಸಿರು, ನೇರಳೆಗಳ ಬೆಳಕನ್ನು ಸುರಿದು, ಅರಸರ ಭಾವಚಿತ್ರ ಬರೆಯುವವನ ಗೌರವದಿಂದ ಅವನ್ನು ಬರೆದನು. 1961ರಲ್ಲಿ ಆರೋರಾ ಎಂಬ ಆಟಿಕೆಯ ಕಂಪನಿ ಬಿಡಿಬಿಡಿಯಾದ ಪ್ಲಾಸ್ಟಿಕ್ ಅಂಗಾಂಗಗಳನ್ನು ಡಬ್ಬಿಯಲ್ಲಿ ತುಂಬಿ, ಮಕ್ಕಳು ತಾವೇ ಅಂಟುಹಾಕಿ ಫ್ರಾಂಕನ್‌ಸ್ಟೈನನ ಸೃಷ್ಟಿಯನ್ನು ಪುನಃ ಸೃಷ್ಟಿಸುವಂತೆ ಮಾಡಿದ ಮೇಲೆ ಊಟದ ಮೇಜುಗಳೆಲ್ಲ ಪ್ರಯೋಗಶಾಲೆಗಳಾದವು. ಇಷ್ಟು ಸಾಮೀಪ್ಯವು ತಾಯಂದಿರಿಗೆ ಸಹ್ಯವಾಗಲಿಲ್ಲ. ಮಗನು ಬೇಸಿಗೆಯ ಶಿಬಿರಕ್ಕೋ ಕಾಲೇಜಿಗೋ ಹೋದ ಸಮಯ ನೋಡಿ, ಕ್ರೈಸ್ತ ಪುರೋಹಿತನ ಶಿಲುಬೆಯಿಂದಲೂ ಬೆಳ್ಳಿಯ ಗುಂಡಿನಿಂದಲೂ ಆಗದ ಸಾಮೂಹಿಕ ಸಂಹಾರವನ್ನು ಆ ಸಾಧ್ವಿಯರು ಒಂದೊಂದು ಕಸದ ಡಬ್ಬಿಯ ಸಹಾಯದಿಂದ ನೆರವೇರಿಸಿದರು. ಈ ಪ್ರಸಂಗವನ್ನು ಹೇಳುವಾಗ ಮಹಾಶಯನ ಕಂಠ ಇಂದಿಗೂ ಗದ್ಗದವಾಗುತ್ತದೆ. ಆದರೆ ತಾಯಂದಿರೆಲ್ಲರೂ ಹಾಗೆ ಕಸಕ್ಕೆಸೆದುದರಿಂದಲೇ ಉಳಿದ ಕೆಲವು ಪ್ರತಿಗಳಿಗೆ ಇಂದು ಆ ಬೆಲೆ ಬಂದಿದೆಯೆಂಬ ಆರ್ಥಿಕ ಸತ್ಯವನ್ನು ಯಾರಾದರೂ ಮೆಲ್ಲನೆ ನೆನಪಿಸಿದರೆ, ಆತನು ಸ್ವಲ್ಪ ಹೊತ್ತು ಯೋಚಿಸಿ, ಮಾತೃಋಣವನ್ನು ತೀರಿಸಲಾಗದೆಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕೆಂದು ಒಪ್ಪಿಕೊಳ್ಳುತ್ತಾನೆ.

ಈತನನ್ನು ಮಾತಿಗೆಳೆಯುವವರು ಒಂದು ವರ್ಷವನ್ನು ಮಾತ್ರ ಉಚ್ಚರಿಸದಿರುವುದು ಒಳ್ಳೆಯದು, ಅದು 1954. ಆ ವರ್ಷ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ‘ಕಾಮಿಕ್ಸ್’ ಎಂಬ ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಾರೆಂದು ಒಂದು ಗ್ರಂಥವನ್ನೇ ಬರೆದನು. ಸೆನೆಟ್ಟಿನ ಉಪಸಮಿತಿ ವಿಚಾರಣೆಗೆ ಕುಳಿತಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿಯನ್ನು ರಚಿಸಿಕೊಂಡು, ನಡೆದಾಡುವ ಹೆಣ, ರಕ್ತಪಿಶಾಚಿ, ತೋಳಮಾನವ ಇವರನ್ನೆಲ್ಲ ಚಿತ್ರಕಥೆಗಳಿಂದ ಗಡೀಪಾರು ಮಾಡಿದರು. ಮಹಾಶಯನಿಗೆ ಆಗ ಅಕ್ಷರಾಭ್ಯಾಸವೇ ಸರಿಯಾಗಿ ಆಗಿರಲಿಲ್ಲ. ಆದರೂ ಆ ವಿಚಾರಣೆಯಲ್ಲಿ ತಾನೇ ಆರೋಪಿಯಾಗಿ ನಿಂತಿದ್ದಂತೆ ವಿವರಿಸುತ್ತಾನೆ. ನಿಯಮಾವಳಿಯ ಪ್ರತಾಪಕ್ಕೆ ಆತನು ಕೊಡುವ ನಿದರ್ಶನವೊಂದು ಸ್ವಾರಸ್ಯವಾಗಿದೆ: ಮಾರ್ವ್ ವುಲ್ಫ್‌ಮನ್ ಎಂಬ ತರುಣ ಲೇಖಕನ ಉಪನಾಮವು ಕಥೆಯೊಂದರಲ್ಲಿ ಅಚ್ಚಾಗಹೋದಾಗ, ತೋಳಮಾನವರಿಗೆ ಇಲ್ಲಿ ಪ್ರವೇಶವಿಲ್ಲವೆಂದು ಪರಿಶೀಲಕರು ಆಕ್ಷೇಪಿಸಿದರಂತೆ, ಅದು ಆತನ ತಂದೆಯಿಂದ ಬಂದ ಹೆಸರೆಂದು ಸಮಾಧಾನ ಹೇಳಬೇಕಾಯಿತಂತೆ. 1971ರಲ್ಲಿ ನಿಯಮ ಸಡಿಲವಾಯಿತು. ಶಾಲೆಗಳಲ್ಲಿ ಓದಿಸುವ ಉತ್ತಮ ಸಾಹಿತ್ಯದ ಸಂಪ್ರದಾಯಕ್ಕೆ ಸೇರಿದ ಪಿಶಾಚಗಳಾದರೆ ಅಡ್ಡಿಯಿಲ್ಲವೆಂದು ತೀರ್ಮಾನವಾಯಿತು. ಹೀಗೆ ಕುಲೀನತೆಯ ಪ್ರಮಾಣಪತ್ರ ಪಡೆದು ಡ್ರಾಕುಲಾ ಪ್ರಭುವು 1972ರಲ್ಲಿ ಮಾರ್ವೆಲ್ ಸಂಸ್ಥೆಯ ‘ಟೂಂಬ್ ಆಫ್ ಡ್ರಾಕುಲಾ’ದ ಮೂಲಕ ಗೋರಿಯಿಂದೆದ್ದನು. ಜೀನ್ ಕೋಲನ್ ಎಂಬ ಚಿತ್ರಕಾರನು ಮಂಜು, ನೆರಳು, ಹಾರುವ ಮೇಲಂಗಿಗಳ ನಡುವೆ ಅವನನ್ನು ಎಪ್ಪತ್ತು ಸಂಚಿಕೆಗಳ ಕಾಲ ನಡೆಸಿದನು; ಏಳನೆಯ ಸಂಚಿಕೆಯಿಂದ ಅವನ ಕಥೆಯನ್ನು ಬರೆದವನು, ದೈವಲೀಲೆಯಿಂದ, ಅದೇ ವುಲ್ಫ್‌ಮನ್!

ಈಗ ಸಾರೂಪ್ಯದ ವಿಚಾರ. ಆರಾಧಕನು ಕ್ರಮೇಣ ಆರಾಧ್ಯನ ರೂಪವನ್ನೇ ತಾಳುತ್ತಾನೆಂಬ ಮಾತಿಗೆ ಈ ನೆಲಮಾಳಿಗೆಗಿಂತ ಮಿಗಿಲಾದ ಪ್ರತ್ಯಕ್ಷ ಪ್ರಮಾಣ ಬೇಡ. ಹಳೆಯ ಚಿತ್ರಕಥೆಗಳ ಅಗ್ಗದ ಕಾಗದದಲ್ಲಿ ಆಮ್ಲವಿರುವುದರಿಂದ ಅದು ಬಿಸಿಲು ತಗುಲಿದರೆ ಕಂದಿ, ಒಣಗಿ, ಪುಡಿಯಾಗುತ್ತದೆ. ಸೂರ್ಯಕಿರಣದಿಂದ ಭಸ್ಮವಾಗುವ ಆ ಪ್ರಭುವಿಗಾಗಿ ಮಹಾಶಯನು ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟು, ಮಂದ ದೀಪದಲ್ಲಿ ಸಂಚರಿಸುತ್ತ, ಸೂರ್ಯಾಸ್ತವಾದ ಮೇಲೆಯೇ ಸಂಪೂರ್ಣ ಚೈತನ್ಯವನ್ನು ಪಡೆಯುತ್ತಾನೆ. ಒಂದೊಂದು ಸಂಚಿಕೆಯನ್ನೂ ಪಾರದರ್ಶಕವಾದ ಮೈಲಾರ್ ಚೀಲದಲ್ಲಿ ಸುತ್ತಿ, ಬೆನ್ನಿಗೆ ಆಮ್ಲರಹಿತವಾದ ರಟ್ಟನ್ನು ಕೊಟ್ಟು, ಶಾಶ್ವತಿಗೆ ಸಿದ್ಧಪಡಿಸುವ ಆತನ ನಿಷ್ಠೆಯನ್ನು ಕಂಡಿದ್ದರೆ ಮಮ್ಮಿಯನ್ನು ಸುತ್ತಿದ ಈಜಿಪ್ಟಿನ ಪುರೋಹಿತರು ತಮ್ಮವನೆಂದು ಬಾಚಿ ತಬ್ಬಿಕೊಳ್ಳುತ್ತಿದ್ದರು. ಮುಖಪುಟ ಹರಿದ ಒಂದು ಪ್ರತಿ, ಒಳಹಾಳೆ ಕಳೆದ ಇನ್ನೊಂದು ಪ್ರತಿ ಎರಡನ್ನೂ ಕೊಂಡುತಂದು, ಇದರ ಚರ್ಮ ಅದಕ್ಕೆ, ಅದರ ಹೊಟ್ಟೆ ಇದಕ್ಕೆ ಜೋಡಿಸಿ, ನಡುರಾತ್ರಿಯಲ್ಲಿ ‘ಬಂತು, ಜೀವ ಬಂತು!’ ಎಂದು ಉದ್ಗರಿಸಿದಾಗ ಮೇಲಂತಸ್ತಿನಲ್ಲಿ ಮಲಗಿದ್ದ ಆತನ ಪತ್ನಿ ಮಗ್ಗುಲು ಬದಲಿಸುತ್ತಾಳೆ, ಅಷ್ಟೆ. ವರ್ಷಕ್ಕೊಮ್ಮೆ ಸಮಾನಧರ್ಮಿಗಳ ಸಮ್ಮೇಳನ ನಡೆಯುವ ವಾರ ಬಂದಿತೆಂದರೆ ಈ ಸಾಧುಪ್ರಾಣಿಯ ಕಣ್ಣಿನ ಕಾಂತಿಯೇ ಬೇರೆಯಾಗಿ, ಧ್ವನಿಯೇರಿ, ಕ್ಷೌರವನ್ನು ಮರೆತು ತೋಳನಾಗುತ್ತಾನೆ. ಪಾತ್ರೆ ತೊಳೆಯುವ ವೇಳೆಯಲ್ಲಿ ಆತನು ಯಾರಂತಾಗುತ್ತಾನೆಂಬುದನ್ನು, 1933ರ ‘ಅದೃಶ್ಯ ಮಾನವ’ ಚಿತ್ರವನ್ನು ಪತಿಯ ಬಲವಂತದಿಂದ ಅನೇಕ ಸಲ ನೋಡಿರುವ ಆ ಪತ್ನಿಯೇ ಹೇಳಬಲ್ಲಳು.

ಸಂಗ್ರಹದಲ್ಲಿ ಸ್ಪೃಶ್ಯಾಸ್ಪೃಶ್ಯ ವಿವೇಕವೂ ಉಂಟು. ಹಣ ತೆತ್ತರೆ ಪ್ರತಿಯ ಯೋಗ್ಯತೆಯನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಗಟ್ಟಿಯಾದ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಮಾಡಿ ಹಿಂತಿರುಗಿಸುವ ಸಂಸ್ಥೆಗಳಿವೆ. ಕವಚವನ್ನು ಒಡೆದರೆ ಅಂಕವೂ ಹೋಗುವುದರಿಂದ, ಉತ್ತಮವಾದ ಪುಸ್ತಕವೆಂದರೆ ಇನ್ನೆಂದೂ ಓದಲಾಗದ ಪುಸ್ತಕವೆಂಬ ವೇದಾಂತ ಅಲ್ಲಿ ಸಿದ್ಧಿಸುತ್ತದೆ. ಒಮ್ಮೆ ಮೊಮ್ಮಗನು, ‘ಇದರೊಳಗೆ ಏನಿದೆ ತಾತ?’ ಎಂದನು. ‘ಏನಿತ್ತೆಂಬುದು ನನಗೆ ನೆನಪಿದೆ ಮಗು, ಹೇಳುತ್ತೇನೆ ಕೂತುಕೋ,’ ಎಂದು ತಾತನು ಪ್ರಾರಂಭಿಸಿದನು. ಆದಕಾರಣ ಜಾಣರಾದವರು ಒಂದೇ ಸಂಚಿಕೆಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತಾರೆ: ಕವಚದೊಳಗಿನ ಅಚಲವಾದ ಮೂಲವಿಗ್ರಹ ಒಂದು, ಕೈಗೆತ್ತಿಕೊಂಡು ಓದುವುದಕ್ಕೆ ಉತ್ಸವಮೂರ್ತಿ ಇನ್ನೊಂದು.

ಇಬ್ಬರು ಪಿಶಾಚಪ್ರಿಯರು ಒಂದೆಡೆ ಸೇರಿದರೆ ವಾಕ್ಯಾರ್ಥ ತಪ್ಪಿದ್ದಲ್ಲ. ಕಪ್ಪುಬಿಳುಪಿನ ಚಿತ್ರದಲ್ಲಿದ್ದ ರಾಕ್ಷಸನ ನಿಜವಾದ ಬಣ್ಣ ಯಾವುದೆಂಬ ಪ್ರಶ್ನೆಯೊಂದರಿಂದಲೇ ಅರ್ಧದಿನ ಕಳೆಯಬಹುದು. ಸಮತಟ್ಟು ತಲೆಯೇ ಪ್ರಮಾಣವೆಂದು ಒಬ್ಬನು ಹಟ ಹಿಡಿದರೆ, ಇನ್ನೊಬ್ಬನು 1983ರಲ್ಲಿ ಬರ್ನಿ ರೈಟ್‌ಸನ್ನನು ಪ್ರಕಟಿಸಿದ ಲೇಖನಿಚಿತ್ರಗಳನ್ನು ಮುಂದಿಟ್ಟು, ವರ್ಷಗಟ್ಟಲೆ ಗೆರೆಗೆರೆಯಾಗಿ ತಪಸ್ಸು ಮಾಡಿದ ಆ ಕಲಾವಿದನು ಚಲನಚಿತ್ರವನ್ನು ಬದಿಗಿಟ್ಟು, ಮೇರಿ ಶೆಲ್ಲಿಯ 1818ರ ಕಾದಂಬರಿಯ ಮಾತನ್ನೇ ಅನುಸರಿಸಿ ಉದ್ದಗೂದಲಿನ, ಬಾಡಿದ ತುಟಿಯ, ವಿಚಾರಶೀಲನಾದ ಜೀವಿಯನ್ನು ಬರೆದನೆಂದು ವಾದಿಸುತ್ತಾನೆ. ಮೂರನೆಯವನು ಬಂದು, 1940ರಲ್ಲಿಯೇ ಡಿಕ್ ಬ್ರೀಫರನು ಆ ರಾಕ್ಷಸನನ್ನು ಚಿತ್ರಕಥೆಗೆ ತಂದು, ಕೆಲವು ವರ್ಷಗಳ ಮೇಲೆ ಮೂಗನ್ನು ಹಣೆಗೇರಿಸಿ ಹಾಸ್ಯಗಾರನನ್ನಾಗಿ ಮಾಡಿದ್ದುದನ್ನು ನೆನಪಿಸಿ ಇಬ್ಬರನ್ನೂ ಸುಮ್ಮನಾಗಿಸುತ್ತಾನೆ. ಆದರೆ 1954ರ ಜಲಮಾನವನ ಆಕಾರವನ್ನು ಕಲ್ಪಿಸಿದ ಮಿಲಿಸೆಂಟ್ ಪ್ಯಾಟ್ರಿಕ್ ಎಂಬ ಕಲಾವಿದೆಗೆ ಚಿತ್ರದ ನಾಮಾವಳಿಯಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬಲ್ಲಿ ಮೂವರೂ ಏಕಮತರಾಗಿ ನಿಟ್ಟುಸಿರು ಬಿಡುತ್ತಾರೆ. ಗರಗಸ ಹಿಡಿದು ರಕ್ತದ ಕಾಲುವೆ ಹರಿಸುವ ಈಚಿನ ಚಿತ್ರಗಳನ್ನು ಮಾತ್ರ ಇವರಾರೂ ಲೆಕ್ಕಕ್ಕೆ ತಾರರು. ಹಳೆಯವರಿಗೆ ಕೊಲ್ಲುವುದಕ್ಕೆ ಮುಂಚೆ ಒಂದು ದುಃಖವಿತ್ತು, ಇವರಿಗೆ ಕೈಯಲ್ಲೊಂದು ಆಯುಧ ಮಾತ್ರ ಇದೆ ಎಂಬುದು ಅವರ ಆಕ್ಷೇಪ. ಹಾಸ್ಯಕ್ಕೆ ಬಗ್ಗದ ಮಾತು ಇದೊಂದೇ ಇರಬಹುದು. ತನ್ನಿಚ್ಛೆಯಿಲ್ಲದೆ ಹುಣ್ಣಿಮೆಗೆ ತೋಳನಾಗುವವನು, ಸಾಯಲು ಬಾರದವನು, ಕೇಳದೆ ಹುಟ್ಟಿಸಲ್ಪಟ್ಟವನು—ಇಂಥವರಲ್ಲಿ ಕರುಣೆಯಿಟ್ಟು ಅರುವತ್ತು ವರ್ಷ ಕಳೆದವನು ನೆರೆಮನೆಯ ನಾಯಿಗೆ ದಾರಿ ಬಿಟ್ಟು ನಡೆದರೆ ಆಶ್ಚರ್ಯವೇನು?

1997ರಲ್ಲಿ ಅಮೆರಿಕದ ಅಂಚೆ ಇಲಾಖೆ ಡ್ರಾಕುಲಾದಿಗಳಾದ ಐವರ ಚಿತ್ರಗಳಿದ್ದ 32 ಸೆಂಟಿನ ಅಂಚೆಚೀಟಿಗಳನ್ನು ಹೊರಡಿಸಿದಾಗ, ಒಂದು ಕಾಲಕ್ಕೆ ಸೆನೆಟ್ಟಿನ ಕಟಕಟೆ ಏರಿದ್ದ ಕುಲಕ್ಕೆ ರಾಜಮುದ್ರೆಯೇ ದೊರೆಯಿತೆಂದು ಮಹಾಶಯನು ಹಿಗ್ಗಿ, ಹಾಳೆಗಟ್ಟಲೆ ಕೊಂಡು, ಕಾಗದ ಬರೆಯುವುದನ್ನೇ ನಿಲ್ಲಿಸಿದನು. ಆ ಮುಖಗಳ ಮೇಲೆ ಅಂಚೆಯ ಮಸಿ ಬೀಳುವುದನ್ನು ಆತನು ಸಹಿಸಲಾರ.

ಕೊನೆಯದು ಸಾಯುಜ್ಯ. ಅದರ ಸಮೀಪಕ್ಕೆ ಹೋದವನೆಂದರೆ ಸಂಪಾದಕ ಆಕರ್‌ಮನ್ನನೇ. ಲುಗೋಸಿ ತೊಟ್ಟಿದ್ದ ಡ್ರಾಕುಲಾ ಉಂಗುರವನ್ನು ಬೆರಳಿಗಿಟ್ಟುಕೊಂಡು, ಲಾಸ್ ಏಂಜಲೀಸಿನ ತನ್ನ ಮನೆಯನ್ನೇ ವಸ್ತುಸಂಗ್ರಹಾಲಯವನ್ನಾಗಿಸಿ, ಶನಿವಾರಗಳಲ್ಲಿ ಬಾಗಿಲು ತಟ್ಟಿದ ಅಪರಿಚಿತರಿಗೆಲ್ಲ ತಾನೇ ತೋರಿಸುತ್ತಿದ್ದ ಆತನು 2008ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರುವರ್ಷ ಉಳಿದ ಸಂಗ್ರಹ ಹರಾಜಿಗೆ ಬಂದಿತು. ಅಂದಿನಿಂದ ಮಹಾಶಯನಿಗೆ ಪಂಜು ಹಿಡಿದ ಊರವರ ಸ್ಥಾನದಲ್ಲಿ ಬೆಲೆಚೀಟಿ ಹಿಡಿದ ಮಕ್ಕಳು ಕಾಣಿಸುತ್ತಾರೆ. ಆದರೆ ಆತನೂ ಶಾಸ್ತ್ರಜ್ಞನೇ. 1931ರಲ್ಲಿ ಗಾಳಿಗಿರಣಿಯೊಂದಿಗೆ ಸುಟ್ಟುಹೋದ ರಾಕ್ಷಸನು 1935ರಲ್ಲಿ ಅದೇ ಗಿರಣಿಯ ಕೆಳಗಿನ ನೀರಿನಿಂದ ಎದ್ದುಬಂದುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಒಂದು ನೆಲಮಾಳಿಗೆ ಬರಿದಾದರೆ ಇನ್ನೊಂದು ನೆಲಮಾಳಿಗೆ ತುಂಬುತ್ತದೆಯೆಂಬ ಪುನರ್ಜನ್ಮಸಿದ್ಧಾಂತದಲ್ಲಿ ಆತನಿಗೆ ಸಂಶಯವಿಲ್ಲ. ಸಾಯುಜ್ಯದ ವಿಷಯದಲ್ಲಿ ಮಾತ್ರ ಆತನದೊಂದು ತಕರಾರಿದೆ: ಆರಾಧಕನೂ ಆರಾಧ್ಯನೂ ಒಂದೇ ಆಗಿಬಿಟ್ಟ ಮೇಲೆ ಕೊಳ್ಳುವವನಾರು, ಕೊಳ್ಳಬೇಕಾದುದಾವುದು? ಆದ್ದರಿಂದ ನಾಲ್ಕನೆಯ ಮುಕ್ತಿಯನ್ನು ಸದ್ಯಕ್ಕೆ ವಿನಯಪೂರ್ವಕವಾಗಿ ನಿರಾಕರಿಸಿ, ಆಕರ್‌ಮನ್ನನ ಮನೆಯಿಂದ ಹೊರಟ ಯಾವುದಾದರೂ ವಸ್ತು ಮುಂದಿನ ಹರಾಜಿನಲ್ಲಿ ತನ್ನ ಪಿಂಚಣಿಗೆ ಎಟಕೀತೇ ಎಂದು ಪಟ್ಟಿ ತರಿಸಿಕೊಂಡು, ಅದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಕುಳಿತಿದ್ದಾನೆ. ಪತ್ನಿಗೆ ಅದು ವಿದ್ಯುತ್ ಬಿಲ್ಲೆಂದು ಹೇಳಿದ್ದಾನೆ.