ಇಪ್ಪತ್ತು–ಮೂವತ್ತರ ಸೈಟಿನ ಒಡೆಯರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಜಯನಗರದ ತಮ್ಮ ಹಳೆಯ ಮನೆಯನ್ನು ಮಾರಲು ದೊಡ್ಡ ಮನಸ್ಸು ಮಾಡಿರುವ ಹಿರಿಯರಿಗೆ,

 

ಮೊನ್ನೆ ಮನೆ ನೋಡಲು ಬಂದಾಗ ಕುಡಿಯಲು ನೀರು ಕೊಟ್ಟಿರಿ. ಅದು ಕಾವೇರಿ ನೀರು ಎಂದು ಎರಡು ಸಲ ಹೇಳಿದಿರಿ. ಟ್ಯಾಂಕರ್ ನೀರಿನಲ್ಲಿ ಮುಖ ತೊಳೆಯುವ ಬಾಡಿಗೆದಾರನಿಗೆ ಅದು ತೀರ್ಥವೇ ಸರಿ. ನಾನಿರುವುದು ಕನಕಪುರ ರಸ್ತೆಯ ಆ ತುದಿಯಲ್ಲಿ. ಅದನ್ನೂ ಬ್ರೋಕರುಗಳು ‘ಜಯನಗರಕ್ಕೆ ಹತ್ತೇ ನಿಮಿಷ’ ಎಂದೇ ಮಾರುತ್ತಾರೆ. ಯಾವ ವಾಹನದಲ್ಲಿ, ರಾತ್ರಿ ಎಷ್ಟು ಗಂಟೆಗೆ ಎಂದು ಮಾತ್ರ ಹೇಳುವುದಿಲ್ಲ. ಇರಲಿ, ತಮ್ಮ ಷರತ್ತುಗಳಿಗೆ ಉತ್ತರ ಕೊಡಬೇಕಲ್ಲ, ಅದಕ್ಕೇ ಈ ಓಲೆ.

ಮನೆ ಸೊಗಸಾಗಿದೆ. ಒಂದು ಹಾಲು, ಒಂದು ರೂಮು, ಹಗಲಲ್ಲೂ ದೀಪ ಬೇಡುವ ಅಡುಗೆಮನೆ, ಮಹಡಿಯ ಮೇಲೆ ಶೀಟು ಹೊದಿಸಿದ ಕೋಣೆ. ಗೋಡೆಯಲ್ಲಿ ನೀರು ಜಿನುಗಿದ್ದನ್ನು ತೋರಿಸಿದಾಗ ತಮ್ಮ ಬ್ರೋಕರು, “ಬಿಲ್ಡಿಂಗಿಗೆ ದುಡ್ಡೇ ಹಾಕಿಲ್ಲ ಸಾರ್, ಬರೀ ಸೈಟ್ ರೇಟು” ಎಂದರು. ಅಡಿಗೆ 25,000 ರೂಪಾಯಿಯಂತೆ 600 ಅಡಿಗೆ ಒಂದೂವರೆ ಕೋಟಿ. ಅಂದರೆ ಮನೆ ಉಚಿತ! ಗ್ಯಾರಂಟಿ ಕೊಡುವ ಸರ್ಕಾರಕ್ಕೂ ಹೊಳೆಯದ ಯೋಜನೆ ಇದು.

ಇನ್ನು ಹಣದ ಮಾತು. ತೊಂಬತ್ತು ಲಕ್ಷ ವೈಟು, ಅರವತ್ತು ಲಕ್ಷ ಬ್ಲ್ಯಾಕು. ಕ್ರಯಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂಗಿಂತ ಒಂದು ರೂಪಾಯಿ ಹೆಚ್ಚು ಕಾಣಕೂಡದು. ‘ಇದರಲ್ಲಿ ನಿಮಗೇ ಲಾಭ ಕಣ್ರೀ’ ಎಂದಿರಿ. ಲೆಕ್ಕ ಹಾಕಿದೆ, ಸುಳ್ಳಲ್ಲ. ಮುದ್ರಾಂಕ ಶುಲ್ಕ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ ಶೇ 2ಕ್ಕೆ ಏರಿದೆ. ಅರವತ್ತು ಲಕ್ಷ ಮುಚ್ಚಿಟ್ಟರೆ ನನಗೆ 4.56 ಲಕ್ಷ ಉಳಿತಾಯ. ಅದೇ ಅರವತ್ತರ ಮೇಲೆ ತಮಗೆ ಶೇ 12.5ರ ಲೆಕ್ಕದಲ್ಲಿ ಏಳೂವರೆ ಲಕ್ಷ ತೆರಿಗೆ ಉಳಿಯುತ್ತದೆ. ಅದನ್ನು ತಾವು ಎತ್ತಲೇ ಇಲ್ಲ. ದೊಡ್ಡವರು ತಮ್ಮ ಲಾಭದ ಮಾತು ತಾವೇ ಆಡುವುದಿಲ್ಲ.

ತೊಡಕಾಗಿರುವುದು ಬ್ಯಾಂಕಿನವರಿಂದ. ಅವರಿಗೆ ಪತ್ರದಲ್ಲಿರುವ ತೊಂಬತ್ತಷ್ಟೇ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅದರಲ್ಲಿ ಶೇ 80, ಎಂದರೆ 72 ಲಕ್ಷದವರೆಗೆ ಸಾಲ ಕೊಟ್ಟಾರು. ಉಳಿದ ಹದಿನೆಂಟೂ ತಮ್ಮ ಅರವತ್ತೂ ಸೇರಿ 78 ಲಕ್ಷ ನಾನು ಕೈಯಿಂದ ತರಬೇಕು. ಪೂರ್ತಿ ವೈಟಿನಲ್ಲಿ ಕೊಳ್ಳುವುದಾಗಿದ್ದರೆ ಶೇ 75ರಷ್ಟು ಸಾಲ ಸಿಕ್ಕಿ, ಮೂವತ್ತೇಳೂವರೆ ಲಕ್ಷಕ್ಕೆ ಮುಗಿಯುತ್ತಿತ್ತು. ನಾಲ್ಕೂವರೆ ಲಕ್ಷ ಉಳಿಸಲು ನಲವತ್ತು ಲಕ್ಷ ಹೆಚ್ಚಿಗೆ ಹೊಂದಿಸಬೇಕಾದ ಈ ಲಾಭ ನನ್ನಂಥವನಿಗೆ ಜೀರ್ಣವಾಗುವುದು ಕಷ್ಟ. ಅದೂ ಐನೂರರ 120 ಕಂತೆ ನಗದು. ಆಸ್ತಿ ಮಾರುವವರು ಇಪ್ಪತ್ತು ಸಾವಿರ ಅಥವಾ ಅದಕ್ಕೂ ಮೇಲ್ಪಟ್ಟು ನಗದು ಮುಟ್ಟಬಾರದೆಂದು ಆದಾಯ ತೆರಿಗೆ ಕಾನೂನು ಹೇಳುತ್ತದಂತೆ, ತಮಗೆ ಗೊತ್ತಿಲ್ಲದ್ದೇನಲ್ಲ. ನನ್ನ ಸಂಬಳವೋ ತೆರಿಗೆ ಮುರಿದುಕೊಂಡೇ ಖಾತೆಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಬ್ಲ್ಯಾಕ್ ಎಂದರೆ ಹಾಲು ಮುಗಿದ ದಿನದ ಕಾಫಿ ಮಾತ್ರ.

ಕಾಫಿಯೆಂದಾಗ ತಮ್ಮ ಬುದ್ಧಿಮಾತು ನೆನಪಾಯಿತು. ‘ಈಗಿನವರು ಹೊರಗಡೆ ಕಾಫಿ ಕುಡಿದೇ ಹಾಳಾದಿರಿ, ಉಳಿತಾಯ ಅನ್ನೋದೇ ಇಲ್ಲ’ ಎಂದಿರಿ. ಮೂವತ್ತು ರೂಪಾಯಿಯ ಕಾಫಿ ದಿನಕ್ಕೆರಡು ಬಿಟ್ಟರೆ ವರ್ಷಕ್ಕೆ 21,900. 78 ಲಕ್ಷ ಕೂಡಲು 356 ವರ್ಷ ಬೇಕು. ಬಾಬಾಬುಡನ್ ಕಾಫಿ ಬೀಜವನ್ನು ಚಿಕ್ಕಮಗಳೂರಿನ ಗಿರಿಗೆ ತಂದದ್ದು 1670ರ ಸುಮಾರಿಗೆ ಎಂದು ಪ್ರತೀತಿ. ಅವರು ಬೀಜ ನೆಡುವಾಗಲೇ ನಮ್ಮ ಮೂಲಪುರುಷ ಎದುರು ನಿಂತು ‘ನನಗೆ ಬೇಡ’ ಎಂದು ಶಪಥ ಮಾಡಿ, ವಂಶವಿಡೀ ಅದನ್ನು ಪಾಲಿಸಿದ್ದರೆ, ನಾನು ಈಗಷ್ಟೇ ಹಣ ಹೊಂದಿಸಿಕೊಂಡು ತಮ್ಮ ಬಾಗಿಲು ತಟ್ಟಬಹುದಿತ್ತು. ರಿಜಿಸ್ಟ್ರೇಷನ್ ಖರ್ಚಿಗೆ ಮತ್ತೆ ಸಾಲವೇ.

ತಮ್ಮ ತಂದೆಯವರ ಕಥೆ ಕೇಳಿ ಕಣ್ಣು ತುಂಬಿ ಬಂತು. ಗುಮಾಸ್ತೆ ಕೆಲಸ, ಮೂರು ಮಕ್ಕಳು, ಬಾಡಿಗೆ ಮನೆ. ಆಗ ಸೈಟು ಹಂಚುತ್ತಿದ್ದ ಸರ್ಕಾರಿ ಮಂಡಳಿ ಸಿಐಟಿಬಿಗೆ ಅರ್ಜಿ ಹಾಕಿ, ಕಾದು, ಕಂತಿನಲ್ಲಿ ದುಡ್ಡು ಕಟ್ಟಿ ಪಡೆದ ಸೈಟು. 1948ರಲ್ಲಿ ಶುರುವಾದ ಈ ಬಡಾವಣೆಯನ್ನು ಸಾಲುಮರ, ಆಟದ ಬಯಲು, ಪಾರ್ಕು ಎಲ್ಲ ಗೆರೆ ಎಳೆದು ಕಟ್ಟಿದ್ದು ಸರ್ಕಾರ. ಹಂಚಿದ್ದೂ ಸರ್ಕಾರವೇ, ಅಂಥ ಗುಮಾಸ್ತರಿಗೂ. ಆಮೇಲೆ ಕಾವೇರಿ ತಂದದ್ದು, 2017ರಲ್ಲಿ ಹಸಿರು ಮೆಟ್ರೋ ಓಡಿಸಿದ್ದು, 2025ರಲ್ಲಿ ಆರ್.ವಿ. ರಸ್ತೆಗೆ ಹಳದಿ ಮಾರ್ಗ ಕೂಡಿಸಿದ್ದೂ ಊರ ತೆರಿಗೆಯ ಹಣದಲ್ಲೇ. ಅದರಲ್ಲಿ ನನ್ನದೂ ನಾಲ್ಕು ಕಾಸಿದೆ. ಪ್ರತಿ ಸಲವೂ ತಮ್ಮ ಅಡಿಯ ರೇಟು ಏರಿತು. ತಾವು ಮಾತ್ರ ‘ಎಲ್ಲ ನಮ್ಮ ಬೆವರು’ ಎಂದಿರಿ. ಗೋಡೆಯ ಜಿನುಗು ಯಾವುದೆಂದು ಆಗ ತಿಳಿಯಿತು.

ಕೊನೆಗೆ ಮೆತ್ತಗೆ ‘ನಿಮ್ಮದು ಯಾವ ಕಡೆ? ಅಡುಗೆ ಹೇಗೆ?’ ಎಂದು ಕೇಳಿದಿರಿ. ನಾನು ಊರು ಹೇಳಿದೆ. ತಾವು ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು. ಬೀದಿಯ ವಾತಾವರಣ ಕೆಡಬಾರದೆಂಬ ಕಾಳಜಿ ಮೆಚ್ಚಬೇಕಾದ್ದೇ. ಆದರೂ ಮಾರಿ ಹೋದ ಮೇಲೆ ಆ ಒಲೆಯ ಮೇಲೆ ಏನು ಬೆಂದರೆ ತಮಗೇನು? ಅಂದು ಸೈಟು ಕೊಟ್ಟವರು ತಮ್ಮ ತಂದೆಯನ್ನು ಸಾರಿನಲ್ಲಿ ಏನು ಹಾಕುತ್ತೀರಿ ಎಂದು ಕೇಳಿರಲಾರರು. ಅಂಥ ಅರ್ಜಿಗಳಲ್ಲಿ ಕೇಳುವುದು ‘ಬೇರೆ ಮನೆಯಿದೆಯೇ’ ಎಂದು. ಈಗ ತಾವಿರುವುದು ಐದನೇ ಬ್ಲಾಕಿನಲ್ಲಿ, ಮಗನದು ಮೂರರಲ್ಲಿ. ಆ ಪ್ರಶ್ನೆಯನ್ನು ನಾನಂತೂ ಎತ್ತುವುದಿಲ್ಲ.

ಪೂರ್ತಿ ವೈಟಿನಲ್ಲಿ ಕೊಡುವುದಾದರೆ ತಿಳಿಸಿ, ಹೇಗಾದರೂ ಪ್ರಯತ್ನಿಸುತ್ತೇನೆ. ಮಾಂಸದ ವಿಚಾರವನ್ನು ಕರಾರಿನಲ್ಲಿ ಬರೆಸುವುದಿದ್ದರೆ ಛಾಪಾಕಾಗದದ ಖರ್ಚು ತಮ್ಮದು.

ತಮ್ಮ ವಿಧೇಯ,
ಒಬ್ಬ ಸಂಬಳದವ

ವಿ.ಸೂ.: ತಮ್ಮ ಬ್ರೋಕರು ಶೇ 2 ಕಮಿಷನ್ ಕೇಳಿದ್ದಾರೆ. ಪತ್ರದಲ್ಲಿರುವ ತೊಂಬತ್ತರ ಮೇಲೆ ತಾನೇ ಎಂದೆ. “ಛೆ ಛೆ, ಒಂದೂವರೆ ಕೋಟಿ ಮೇಲೆ ಸಾರ್. ಅದಲ್ಲವಾ ನಿಜವಾದ ರೇಟು?” ಎಂದರು. ಪತ್ರ ಬರೆಸುವ ದಿನ ಸಾಕ್ಷಿಯ ಸಹಿ ಅವರಿಂದಲೇ ಹಾಕಿಸೋಣವೇ?