ರೀಲಿಗೊಂದು ರಾಡು

ದುಬೈಯಿಂದ ಬಂದ ಭಾವ ಮೀನು ಹಿಡಿಯುವ ಒಂದು ರೀಲು ಕೊಟ್ಟರು, ರಾಡು ಕೊಡಲಿಲ್ಲ. ಅದಕ್ಕೆ ಜೋಡಿ ಹುಡುಕುವುದು ಜಾತಕ ಕೂಡಿಸುವಷ್ಟೇ ಕಷ್ಟ. "ಯಾವ ಮೀನಿಗೆ?" ಎಂದ ಅಂಗಡಿಯವನು. "ಸಿಕ್ಕಿದ್ದಕ್ಕೆ" ಎಂದೆ. "ಬಂಡೆಯಿಂದಲೋ, ಮರಳ ದಂಡೆಯಿಂದಲೋ?" ಕಾಲು ಒದ್ದೆಯಾಗದ ಕಡೆಯಿಂದ ಎಂದದ್ದು ಅವನಿಗೆ ಹಿಡಿಸಲಿಲ್ಲ.

ನನ್ನದು ಸ್ಪಿನ್ನಿಂಗ್ ರೀಲಂತೆ. ಅದು ರಾಡಿನ ಕೆಳಗೆ ನೇತಾಡಬೇಕು. ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದರಿಂದ ರಾಡಿನ ಮೊದಲ ಉಂಗುರ ದೊಡ್ಡದಿರಬೇಕು. ನಾನು ರೀಲನ್ನು ಮೇಲ್ಮುಖವಾಗಿಯೇ ಹಿಡಿದು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ರೀಲು ಸಿಕ್ಕಿಸಿ, ಅದರ ತುಸು ಮುಂದೆ ಬೆರಳು ಕೊಟ್ಟು ಎತ್ತಿದರೆ ಒಳ್ಳೆಯ ಜೋಡಿ ಅತ್ತಿತ್ತ ವಾಲದೆ ನಿಲ್ಲುತ್ತದೆ. ನಿಂತಿತು. ವಾಲಿದ್ದು ನಾನು, ಬೆಲೆಚೀಟಿ ಓದಲು.

ಮಲ್ಪೆಯ ಅಲೆ ದಾಟಿಸಿ ಎಸೆಯಲು 12 ಅಡಿಯದೇ ಸರಿ ಎಂದ ಅವನು. ನಮ್ಮ ಬಾಗಿಲೇ 7 ಅಡಿ. ಬಸ್ಸಿನ ಕಂಡಕ್ಟರ್ ಅಷ್ಟುದ್ದದ ರಾಡಿಗೂ ಅರ್ಧ ಟಿಕೆಟ್ ಹರಿಯುವವ. ಕೊನೆಗೆ ಒಂದರೊಳಗೊಂದು ಸೇರಿ ಕುಗ್ಗುವ ರಾಡು ಕೊಂಡೆ. ಬಲ್ಲವರು ಅದನ್ನು ಮೆಚ್ಚುವುದಿಲ್ಲ, ಆದರೆ ಹೆಂಡತಿಗೆ ಕಾಣದಂತೆ ಚೀಲದಲ್ಲಿ ಅಡಗುತ್ತದೆ.

ಜಗಲಿಯಲ್ಲಿ ಅದನ್ನು ಉದ್ದ ಮಾಡಿ ಬೀಸುತ್ತಿದ್ದಾಗ ಒಳಗಿಂದ ದನಿ ಬಂತು: "ಮೀನಿನವಳು ಬಂದಿದ್ದಾಳೆ, ಬಂಗುಡೆ ತಗೊಳ್ಳಲೋ, ನೀವೇ ಹಿಡಿದು ತರ್ತೀರೋ?"

"ಒಂದು ಕಿಲೋ ತಗೋ" ಎಂದೆ.